ಸೌತೆಕಾಯಿ ಏಣಿ

ನಮ್ಮ ಅಪ್ಪನ ಮನೆಯ ದನದ ಕೊಟ್ಟಿಗೆಯಲ್ಲಿ ಏನೇನಿತ್ತೋ ಅದೆಲ್ಲ ಈಗ ಜನ್ನಾಪುರದಲ್ಲಿ ನನ್ನ ಮಗಳ ಮನೆಯ ಹಿಂದಿನ ಶೆಡ್ಡಿನಲ್ಲಿದೆ. ದನ ಮಾತ್ರ ಇಲ್ಲ. ಕಲಗಚ್ಚಿನ ಬಾನಿ, ಹಾಲಿನ ಕ್ಯಾನು, ಗಾಡಿ ಚಕ್ರ, ತುಕ್ಕು ಹಿಡಿದ ಲಾಟೀನು, ಚೌಕಟ್ಟಿಲ್ಲದ ಬಾಗಿಲು, ಬಾಗಿಲಿಲ್ಲದ ಚೌಕಟ್ಟು. ಇದಕ್ಕೆಲ್ಲ ಫಾರ್ಮ್ ಹೌಸ್ ಸ್ಟೈಲ್ ಅನ್ನುತ್ತಾರೆ ಎಂದು ಮಗಳು ಹೇಳಿದಳು.

"ಅಂದ್ರೆ ತೋಟದ ಮನೇನಾ?"

"ತೋಟದ ಮನೆ ಅಲ್ಲಮ್ಮ, ತೋಟದ ಮನೆ ಥರ."

ನನಗೆ ಅರ್ಥವಾಯಿತು. ತೋಟದ ಮನೆಯಾದರೆ ಬೆಳಿಗ್ಗೆದ್ದು ಸಗಣಿ ಬಾಚಬೇಕು. ತೋಟದ ಮನೆ ಥರದ್ದಾದರೆ ಬಾನಿಯಲ್ಲಿ ಹೂವು ಇಟ್ಟು ಫೋಟೋ ತೆಗೆದರೆ ಸಾಕು.

ಮಗಳ ಕೆಲಸದ ಕ್ರಮವೂ ವಿಚಿತ್ರ. ಗುಜರಿಯಿಂದ ಒಂದು ಹಳೇ ಹಲಗೆ ತರುತ್ತಾಳೆ. ಅದರ ಬಣ್ಣ ಕೆರೆದು ತೆಗೆಯುತ್ತಾಳೆ. ಆಮೇಲೆ ಬಿಳಿ ಬಣ್ಣ ಬಳಿಯುತ್ತಾಳೆ. ಇನ್ನೇನು ಚೆನ್ನಾಗಾಯಿತು ಅನ್ನುವಷ್ಟರಲ್ಲಿ ಉಪ್ಪುಕಾಗದ ಹಿಡಿದು ಆ ಬಣ್ಣವನ್ನೂ ಅಲ್ಲಲ್ಲಿ ಉಜ್ಜಿ ಹಾಕುತ್ತಾಳೆ. ಹಳೇದನ್ನು ಹೊಸದು ಮಾಡಿ, ಹೊಸದನ್ನು ಮತ್ತೆ ಹಳೇದು ಮಾಡುವುದು. ಅದಕ್ಕೆ ಡಿಸ್ಟ್ರೆಸ್ಡ್ ಅನ್ನುತ್ತಾರಂತೆ. ಹಾಗೆಂದರೇನು ಎಂದು ಕೇಳಿದ್ದಕ್ಕೆ "ಕಷ್ಟಪಟ್ಟಿರೋ ಹಂಗೆ ಕಾಣಬೇಕು" ಎಂದಳು. ಹಾಗಾದರೆ ನನ್ನನ್ನೇ ಗೋಡೆಗೆ ನೇತುಹಾಕು, ಬಣ್ಣದ ಖರ್ಚೂ ಉಳಿಯುತ್ತದೆ ಎಂದೆ. ನಗಲಿಲ್ಲ. ಆಗ ಅವಳಿಗೆ ನಗುವ ಕಾಲವಾಗಿರಲಿಲ್ಲ.

ಅವಳು ಶಿವಮೊಗ್ಗದಲ್ಲಿ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ದಿನಾ ಬಸ್ಸಿನಲ್ಲಿ ಹೋಗಿ ಬರುವುದು, ಅಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ನಿಲ್ಲುವುದು. ಸೀರೆ ನೋಡುವವರಿಗೆ ಮೆತ್ತೆ, ಸೀರೆ ತೋರಿಸುವವರಿಗೆ ನೆಲ. ಕಾಲಿನ ನರಗಳು ಹಗ್ಗದ ಹಾಗೆ ಎದ್ದು ನೀಲಿಯಾಗಿದ್ದವು. ಕೂತು ಮಾಡುವ ಕೆಲಸ ನೋಡಿಕೊಳ್ಳಮ್ಮ ಎಂದು ಡಾಕ್ಟರು ಹೇಳಿದರು. ಅಂಗಡಿಯ ಮಾಲೀಕರು, ಬರುವುದಾದರೆ ಸೋಮವಾರ ಬಂದುಬಿಡು, ಇಲ್ಲದಿದ್ದರೆ ಹಬ್ಬದ ವ್ಯಾಪಾರಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದರು. ಅಲ್ಲಿಯವರೆಗೆ ಇವಳ ಹಲಗೆಗಳನ್ನು ಕೊಂಡವರು ಬೆರಳೆಣಿಕೆಯಷ್ಟು ಜನ.

ಅಂಥ ಹೊತ್ತಿಗೆ, ಸೀರೆ ಅಂಗಡಿಯಲ್ಲಿ ಪರಿಚಯವಾಗಿದ್ದ ಒಬ್ಬಳು ಹೆಣ್ಣುಮಗಳು ಶಿವಮೊಗ್ಗದ ಹೊಸ ಬಡಾವಣೆಯಲ್ಲಿ ಕಟ್ಟಿಸಿದ ಮನೆಯ ಇಡೀ ಹಾಲನ್ನು ಅಲಂಕರಿಸಲು ಇವಳ ಕೈಗೆ ಕೊಟ್ಟಳು. ಭಾನುವಾರ ಗೃಹಪ್ರವೇಶ. ಅವಳ ಗೆಳತಿಯರೆಲ್ಲ ಬರುತ್ತಾರೆ, ಎಲ್ಲರೂ ಮನೆ ಕಟ್ಟಿಸುತ್ತಿರುವವರೇ. ಅವರು ಒಪ್ಪಿದರೆ ಮಗಳು ಸೋಮವಾರ ಬಸ್ಸು ಹತ್ತಬೇಕಾಗಿಲ್ಲ. ಒಪ್ಪದಿದ್ದರೆ ಮತ್ತೆ ಅದೇ ಬಸ್ಸು, ಅದೇ ನೆಲ.

ಸಾಮಾನು ಹುಡುಕಲು ಭದ್ರಾವತಿ ಓಲ್ಡ್ ಟೌನಿನ ಗುಜರಿ ಅಂಗಡಿಗೆ ಹೋದೆವು. ಚೌಕಾಸಿಗೆ ಬೇಕೆಂದು ನನ್ನನ್ನು ಕರೆದುಕೊಂಡು ಹೋಗಿದ್ದಳು. ಮೂಲೆಯಲ್ಲಿ ಒಂದು ಬಿದಿರಿನ ಏಣಿ ಒರಗಿಸಿತ್ತು. ಮೆಟ್ಟಿಲುಗಳನ್ನು ಹುರಿಹಗ್ಗದಲ್ಲಿ ಬಿಗಿದದ್ದು, ಮೈತುಂಬಾ ಸುಣ್ಣದ ಕಲೆ.

"ಸುಣ್ಣ ಬಳಿಯೋರ ಏಣಿ ಅಮ್ಮಾ. ಈಗ ಎಲ್ರದ್ದೂ ಅಲ್ಯೂಮಿನಿಯಂದು. ತಗೊಂಡೋಗಿ ಒಲೆಗೆ ಹಾಕ್ಕೊಳಿ" ಎಂದರು ಅಂಗಡಿಯ ಸಾಹೇಬರು.

ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು ಅದರ ಮೈ ಸವರಿ "ಎಷ್ಟು ಚೆನ್ನಾಗಿದೆ!" ಎಂದುಬಿಟ್ಟಳು. ಸೌದೆ ಆ ಕ್ಷಣದಲ್ಲೇ ಆಂಟಿಕ್ ಆಯಿತು.

"ಬಹಳ ಪುರಾನಾ ಮಾಲು. ಇಂಥದ್ದು ಎಲ್ಲೂ ಸಿಗಲ್ಲ" ಎಂದರು ಸಾಹೇಬರು.

"ಈಗ ತಾನೇ ಒಲೆಗೆ ಅಂದ್ರಲ್ರೀ?"

"ಅದು ನಿಮಗೆ ಹೇಳಿದ್ದು ಅಮ್ಮಾ. ಇದು ಮಗಳಿಗೆ ಹೇಳ್ತಿರೋದು."

ಶನಿವಾರ ಬೆಳಿಗ್ಗೆ ಆ ಏಣಿಯನ್ನು ಅಳಿಯ ತನ್ನ ಲಗೇಜ್ ಆಟೋದಲ್ಲಿ ಹಾಕಿಕೊಂಡು ಶಿವಮೊಗ್ಗಕ್ಕೆ ಹೋದ. ತರಚದಿರಲಿ ಎಂದು ಮಗಳು ಅದಕ್ಕೆ ಬಿಳಿ ಬಟ್ಟೆ ಸುತ್ತಿ ಕಟ್ಟಿದ್ದಳು. ದಾರಿಯಲ್ಲಿ ಒಬ್ಬ ಮುದುಕ ಸೈಕಲ್ಲಿನಿಂದ ಇಳಿದು ಕೈಮುಗಿದನಂತೆ. ನನ್ನ ಅಳಿಯ, ಪರಿಚಯದವರು ಯಾರೋ ಇರಬೇಕೆಂದು ತಾನೂ ಕೈಮುಗಿದನಂತೆ. ಇದನ್ನು ಅವನು ಆಮೇಲೆ ಹೇಳಿದ್ದು. ಮೊದಲೇ ಹೇಳಿದ್ದರೆ ಮುಂದಿನ ಫಜೀತಿ ತಪ್ಪುತ್ತಿತ್ತು.

ಮಧ್ಯಾಹ್ನ ನಾನು ಹೋದೆ. ಮಗಳು ಊಟ ತರಲು ಹೇಳಿದ್ದಳು. ಚಪ್ಪಲಿ ಬಿಟ್ಟು ಹಾಲಿನೊಳಗೆ ಕಾಲಿಟ್ಟವಳು ನಿಂತೇಬಿಟ್ಟೆ. ಏಣಿಯನ್ನು ಉದ್ದಕ್ಕೆ ಮಲಗಿಸಿ, ನಾಲ್ಕು ಮೂಲೆಗೂ ಹಗ್ಗ ಬಿಗಿದು, ಊಟದ ಮೇಜಿನ ಮೇಲೆ ಸೂರಿನಿಂದ ಇಳಿಬಿಟ್ಟಿದ್ದಾಳೆ. ಅದರ ತಲೆಯ ಕಡೆ ಹಗ್ಗದ ನೆಲುವಿನಲ್ಲಿ ಕೂರಿಸಿದ ಮಣ್ಣಿನ ಮಡಕೆ, ಮಡಕೆಯೊಳಗೆ ಕೆಂಪಗೆ ಉರಿಯುವ ಬಲ್ಬು. ಕೆಳಗೆ ಮೇಜಿನ ಮೇಲೆ ಉದ್ದಕ್ಕೆ ಹಾಸಿದ ಬಿಳಿ ಬಟ್ಟೆ. ಬಟ್ಟೆಯ ಮೇಲೆ ಒಣಹುಲ್ಲಿನ ಕಟ್ಟು.

ಬಿಡಿಬಿಡಿಯಾಗಿ ನೋಡಿದರೆ ಒಂದೂ ತಪ್ಪಲ್ಲ. ಎಲ್ಲವನ್ನೂ ನಾನೇ ಶೆಡ್ಡಿನಲ್ಲಿ ದಾಟಿಕೊಂಡು ಓಡಾಡಿದ್ದೆ. ಒಟ್ಟಿಗೆ ನೋಡಿದರೆ ಹೆಣ ಹೊರುವ ಚಟ್ಟ. ಮುಂದೆ ಬೆಂಕಿ ಮಡಕೆ ಹಿಡಿದು ನಡೆಯಲು ಮಗನೊಬ್ಬ ಬಾಕಿ.

"ಯಾರ್ ಹೋದ್ರೇ?" ಎಂದು ಮಗಳ ಕಿವಿಯಲ್ಲಿ ಕೇಳಿದೆ.

"ಬಿಡ್ತು ಅನ್ನು! ಶುಭಕಾರ್ಯದ ಮನೇಲಿ ಏನಮ್ಮ ನಿನ್ನ ಬಾಯಿ!"

"ನನ್ನ ಬಾಯಲ್ಲ ಮಾರಾಯ್ತಿ, ನಿನ್ನ ಏಣಿ. ತಲೆ ಎತ್ತಿ ನೋಡು."

ಅವಳು ನೋಡಿದಳು. ಬಲ್ಬು ನೋಡಿದಳು, ಬಿಳಿ ಬಟ್ಟೆ ನೋಡಿದಳು. ಮುಖದ ಬಣ್ಣ ಅವಳ ಹಲಗೆಗಳ ಬಣ್ಣವಾಯಿತು. ಅಷ್ಟರಲ್ಲಿ ಮನೆಯಾಕೆ ಫೋನು ಹಿಡಿದುಕೊಂಡು ಒಳಗಿನಿಂದ ಬಂದಳು. "ಅಜ್ಜಿ, ಸೂಪರ್ ಅಲ್ವಾ? ನಮ್ಮ ಗ್ರೂಪಿಗೆ ಆಗಲೇ ಫೋಟೋ ಹಾಕ್ದೆ, ಎಲ್ರೂ ನೋಡ್ಬೇಕು ಅಂತ ಕಾಯ್ತಿದಾರೆ!" ಮಗಳು ನನ್ನ ಕೈ ಹಿಡಿದು ಹಿಂಡಿದಳು. ಮುರಿದೇ ಹೋಯಿತು ಅಂದುಕೊಂಡೆ.

ನಾನು ಬಾಯಿಗೆ ಬಂದದ್ದನ್ನು ಹೇಳುವವಳು. ಆದರೆ ಗೃಹಪ್ರವೇಶದ ಮನೆಯಲ್ಲಿ ಆ ಪದ ಹೇಳುವ ಹಾಗಿಲ್ಲ. ಒಬ್ಬರು ಹೇಳಿದರೆ ಮುಗಿಯಿತು, ಆಮೇಲೆ ಅದನ್ನು ಚಕ್ಕೆ ಚಕ್ಕೆ ಮಾಡಿ ಸುಟ್ಟರೂ ಆ ಮನೆಯಲ್ಲಿ ಚಟ್ಟ ಕಟ್ಟಿದ್ದರು ಎಂಬ ಮಾತು ಉಳಿಯುತ್ತದೆ. ಅಂಥ ಹಾಲು ಮಾಡಿದವಳಿಗೆ ಇನ್ನೊಂದು ಹಾಲು ಯಾರು ಕೊಡುತ್ತಾರೆ? ಹೇಳದಿದ್ದರೆ ಅದು ಇನ್ನೂ ಏಣಿಯೇ. ಇಳಿಸಿಬಿಡೋಣ ಎಂದರೆ ಮನೆಯಾಕೆಗೆ ಕಾರಣ ಕೊಡಬೇಕು, ಕಾರಣವೆಂದರೆ ಆ ಪದ. ನಾವಿಬ್ಬರೂ ಅದರ ಕೆಳಗೇ ನಿಂತು ಯೋಚಿಸುತ್ತಿದ್ದೆವು.

ಆಗ ಹೊರಗೆ ಕಾರು ನಿಂತಿತು. ಆಯನೂರಿನಿಂದ ಮನೆಯಾಕೆಯ ಅತ್ತೆ ಬಂದರು. ಹೆಚ್ಚು ಕಡಿಮೆ ನನ್ನ ವಯಸ್ಸಿನವರು, ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ. ಹಿಂದೆಯೇ ಡ್ರೈವರು ಬಾಳೆಗೊನೆ, ತೆಂಗಿನಕಾಯಿ, ಗದ್ದೆಯ ಸೌತೆಕಾಯಿ ತುಂಬಿದ ಗೋಣಿ ಇಳಿಸಿದ. ಅತ್ತೆಯವರು ಬಲಗಾಲು ಎತ್ತಿದವರು ಹೊಸ್ತಿಲ ಮೇಲೆ ಎತ್ತಿದ ಹಾಗೇ ನಿಂತರು.

"ಏನೇ ಅದು?"

"ರಸ್ಟಿಕ್ ಅತ್ತೆ" ಎಂದಳು ಸೊಸೆ.

"ಇಂಗ್ಲಿಷು ಬೇಡ. ಏನು ಅಂತ ಕೇಳ್ದೆ. ನೋಡೋಕೆ ಥೇಟು..." ಎಂದರು. ಮುಂದಿನ ಪದ ಅವರ ಬಾಯಿಯ ತುದಿಗೆ ಬಂತು. ಅವರೂ ನುಂಗಿದರು, ಮಗನ ಮನೆಯಲ್ಲವೇ. ಎತ್ತಿದ ಕಾಲು ನಡುಗಲು ಶುರುವಾಯಿತು.

ನಾನು ಗೋಣಿ ನೋಡಿದೆ. "ಸೌತೆಕಾಯಿ ಏಣಿ" ಎಂದೆ.

"ಏನಂದ್ರಿ?"

"ಸೌತೆಕಾಯಿ ಏಣಿ ಕಣ್ರೀ. ಸೂರಿಗೆ ಸೌತೆಕಾಯಿ ಕಟ್ಟಲ್ವಾ ನಾವು, ಮಳೆಗಾಲ ಪೂರ್ತಿ ಬರ್ಲಿ ಅಂತ? ಆರ್‌ಸಿಸಿ ಮನೇಲಿ ಜಂತೆ ಎಲ್ಲಿದೆ? ಅದಕ್ಕೆ ಏಣಿ."

ಅಂಥದ್ದೊಂದು ಏಣಿಯನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಅವರೂ ಕಂಡಿಲ್ಲ. ಅದು ಅವರಿಗೂ ಗೊತ್ತು, ಅವರಿಗೆ ಗೊತ್ತೆಂದು ನನಗೂ ಗೊತ್ತು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏಣಿ ಸರಿ. ಸೌತೆಕಾಯಿ ಎಲ್ಲಿ?"

"ನಿಮ್ಮ ಗೋಣೀಲಿ."

ಅತ್ತೆಯವರು ತಟ್ಟೆಯನ್ನು ಹೊಸ್ತಿಲಾಚೆಗೇ ಇಟ್ಟು, ಕಾಲು ಇಳಿಸಿ ಸೆರಗು ಸಿಕ್ಕಿಸಿದರು. "ಮೊದ್ಲು ಆ ಮಡಕೆ ಬಿಚ್ಚಿ. ಬಟ್ಟೆ ಇಲ್ಲಿ ಕೊಡಿ, ಕಾಯಿ ಒರೆಸೋಕಾಯ್ತು. ಹುಲ್ಲು ಹೊರಗೆ ಹಾಕಿ, ದನ ತಿನ್ಲಿ." ಸೊಸೆ ಅಯ್ಯೋ ಲುಕ್ಕೇ ಹೋಯ್ತು ಅತ್ತೆ ಎಂದು ಗೋಗರೆದಳು. "ಲುಕ್ಕು ಹೋಗ್ಲಿ, ನೀನು ಇರು" ಎಂದರು. ಮಗಳು ಸ್ಟೂಲು ಹತ್ತಿ ಮಡಕೆ ಬಿಚ್ಚಿದಳು. ನಾವಿಬ್ಬರು ಮುದುಕಿಯರು ಹೊರಗಿನ ಕಟ್ಟೆಯ ಮೇಲೆ ಕೂತು ಬಾಳೆನಾರು ಸೀಳಿ ಸೌತೆಕಾಯಿಗಳಿಗೆ ಜೋಳಿಗೆ ಹೆಣೆದೆವು. ಕಟ್ಟುವಾಗ ಅವರು ತಲೆ ಎತ್ತದೆ ಮೆಲ್ಲಗೆ ಕೇಳಿದರು:

"ನಿಮಗೂ ಹಂಗೇ ಕಾಣ್ತಾ?"

"ಏನು?"

"ಏನಿಲ್ಲ ಬಿಡಿ."

ಸಂಜೆಯ ಹೊತ್ತಿಗೆ ಏಣಿಯ ತುಂಬ ಹಳದಿ ಪಟ್ಟೆಯ ಸೌತೆಕಾಯಿ, ನಡುನಡುವೆ ಬೆಳ್ಳುಳ್ಳಿ ಗೊಂಚಲು. ಎಂಥ ಪೆದ್ದನೂ ಅದನ್ನು ಇನ್ನೇನೋ ಅನ್ನಲಾರ. ಅಂಥ ಪ್ರಯಾಣಕ್ಕೆ ಯಾರೂ ತರಕಾರಿ ಕಟ್ಟಿ ಕಳಿಸುವುದಿಲ್ಲ. ಅತ್ತೆಯವರು ಆಮೇಲೆ ಕೈಕಾಲು ತೊಳೆದು, ತಟ್ಟೆ ಎತ್ತಿಕೊಂಡು, ಬಲಗಾಲಿಟ್ಟು ಒಳಗೆ ಬಂದರು. ಮನೆಯಾಕೆ ಮಾತ್ರ ಮಗಳ ಜೊತೆ ಮಾತು ಬಿಟ್ಟಳು. ಅವಳ ಕಣ್ಣಿಗೆ ಹಾಲು ಸಂತೆಯಾಗಿತ್ತು.

ಭಾನುವಾರ ಗೆಳತಿಯರು ಬಂದರು. ಎಲ್ಲರೂ ಮೊದಲು ತಲೆ ಎತ್ತಿದ್ದೇ ಸೌತೆಕಾಯಿಗೆ. ಒಬ್ಬಳು ನಿಜವಾದದ್ದೋ ಪ್ಲಾಸ್ಟಿಕ್ಕೋ ಎಂದು ಒತ್ತಿ ನೋಡಿದಳು. ಇನ್ನೊಬ್ಬಳು ಇದಕ್ಕೇನನ್ನುತ್ತಾರೆ ಎಂದು ಕೇಳಿದಳು. ಅತ್ತೆಯವರು ಎಲೆ ಅಡಿಕೆ ಮಡಿಸುತ್ತಾ, "ಸೌತೆಕಾಯಿ ಏಣಿ. ನಮ್ಮ ಕಡೆ ಮೊದ್ಲು ಎಲ್ಲರ ಮನೇಲೂ ಇತ್ತು" ಎಂದುಬಿಟ್ಟರು. ನಾನು ಪಾಯಸ ಕುಡಿಯುತ್ತಿದ್ದೆ. ಗಂಟಲಿಗೆ ಸಿಕ್ಕಿಕೊಂಡಿತು. ಊಟ ಮುಗಿಯುವಷ್ಟರಲ್ಲಿ ಮನೆಯಾಕೆ, ಅದು ತನ್ನದೇ ಐಡಿಯಾ ಎಂದು ಎಲ್ಲರಿಗೂ ಹೇಳುತ್ತಿದ್ದಳು. ಮಗಳ ಜೊತೆ ಮಾತೂ ಶುರುವಾಯಿತು.

ಸೋಮವಾರ ಮಗಳು ಬಸ್ಸು ಹತ್ತಲಿಲ್ಲ. ಶೆಡ್ಡಿನಲ್ಲಿ ಹಾಲಿನ ಕ್ಯಾನು ಬೋರಲು ಹಾಕಿಕೊಂಡು ಕೂತು, ಇನ್ನೊಂದು ಏಣಿ ಉಜ್ಜಿದಳು. ಆಮೇಲೆ ಮತ್ತೊಂದು. ಈಗ ಗುಜರಿ ಸಾಹೇಬರು ಏಣಿಗಳನ್ನು ಒಳಗಡೆ ಟಾರ್ಪಾಲಿನ ಕೆಳಗೆ ಬಚ್ಚಿಟ್ಟು, ನಮ್ಮನ್ನು ಕಂಡ ಕೂಡಲೇ ಇಲ್ಲವೇ ಇಲ್ಲ ಎಂದು ಮಾತು ಶುರು ಮಾಡುತ್ತಾರೆ. ಎಲ್ಲರಿಗೂ ಸೌತೆಕಾಯಿ ಸಮೇತವೇ ಬೇಕು, ಎಲ್ಲವೂ ಒಂದೇ ಅಳತೆಯದ್ದಾಗಿರಬೇಕು. ಕೊಳೆತರೆ ನಮಗೇ ಫೋನು ಮಾಡುತ್ತಾರೆ. ಹುಳಿ ಮಾಡಿ ತಿನ್ನಿ ಎಂದು ಒಬ್ಬಳಿಗೆ ಹೇಳಿದ್ದಕ್ಕೆ, ಡೆಕೋರೇಶನ್ನನ್ನು ಹೇಗೆ ಆಂಟಿ ತಿನ್ನೋದು ಎಂದಳು.

ಹೀಗೆ ಮಗಳು ಕೂತಳು. ನಿಲ್ಲುವ ಕೆಲಸ ನನ್ನ ಪಾಲಿಗೆ ಬಂತು. ಸಂತೆಯಲ್ಲಿ ಸೌತೆಕಾಯಿ ಆರಿಸುತ್ತಾ ನಿಲ್ಲುತ್ತೇನೆ. ಮೊನ್ನೆ ಶೆಡ್ಡಿಗೆ ಹೊಸದಾಗಿ ಬಂದ ಏಣಿ ನೋಡಿದೆ. ನೇರವಾದ ಬಿದಿರು, ಬಿಗಿಯಾದ ಕಟ್ಟು, ನನ್ನ ಉದ್ದಕ್ಕೆ ಸರಿಯಾಗಿದೆ.

"ಇದನ್ನ ಮಾರಬೇಡ ಕಣೇ, ನನಗೆ ಇಟ್ಟಿರು" ಎಂದೆ. "ಬಣ್ಣ ಬೇಡ. ಸೌತೆಕಾಯೂ ಬೇಡ."

"ಬಿಡ್ತು ಅನ್ನಮ್ಮ!" ಎಂದಳು.

ನಾನು ಅನ್ನಲಿಲ್ಲ. ಏಣಿ ಚೆನ್ನಾಗಿತ್ತು.