ಅಡ್ಡಗೋಡೆಗಳ ಮೇಲೆ ಪ್ರಭಾಕರರ ಸಿಟ್ಟು

ನಮ್ಮ ಯಜಮಾನರು ಪ್ರಭಾಕರ ಅವರಿಗೆ ಹಳೆಯ ಕಟ್ಟಡಗಳ ಹುಚ್ಚು. ನೌಕರಿಯುದ್ದಕ್ಕೂ ವಿಮಾನದ ರೆಕ್ಕೆಗಳ ನಕ್ಷೆ ಬರೆದವರು ಮನಸೋತದ್ದು ಮಾತ್ರ ಸಿಯಾಟಲ್‌ನ ಒಂದು ಮುದಿ ಮರದ ಮನೆಗೆ. ಜೊತೆಯವರೆಲ್ಲ ಊರಾಚೆಯ ಇಸ್ಸಾಕ್ವಾದಲ್ಲಿ ಸ್ವಂತ ಮನೆ ಮಾಡಿಕೊಂಡರು. ನಾವು ಬಾಡಿಗೆಗೆ ಆ ಮರದ ಮನೆಯಲ್ಲೇ ಬೇರು ಬಿಟ್ಟೆವು.

ವಿಕ್ಟೋರಿಯಾ ರಾಣಿಯ ಕಾಲದ ಸಾಲುಮನೆ ಅದು. ಮುಂದಕ್ಕೆ ಉಬ್ಬಿದ ಕಿಟಕಿಗಳು, ಕಡೆದ ಕಂಬಗಳು, ಮೀನಿನ ಹುರುಪೆಯ ಹಾಗೆ ಜೋಡಿಸಿದ ಹಲಗೆಗಳು. ಆಮೇಲೆ ಯಾರೋ ಪುಣ್ಯಾತ್ಮರು ಒಳಗೆಲ್ಲ ಅಡ್ಡಗೋಡೆ ಎಬ್ಬಿಸಿ ಫ್ಲಾಟು ಮಾಡಿದ್ದರು. ಚಾವಣಿಯ ನಡುವೆ ಇದ್ದ ಗಾರೆಯ ಹೂವಿನಲ್ಲಿ ಅರ್ಧ ನಮ್ಮ ಹಾಲಿಗೆ, ಇನ್ನರ್ಧ ಪಕ್ಕದವರ ಬಚ್ಚಲಿಗೆ. ಇವರು ಅದನ್ನು ನೋಡಿದಾಗಲೆಲ್ಲ ಹಲ್ಲು ಕಡಿಯುತ್ತಿದ್ದರು.

"ಕಟುಕರು ಕಣೇ! ಇಂಥ ರೂಮನ್ನ ಹೀಗೆ ಸೀಳೋದಾ?"

"ಸೀಳಿದ್ದಕ್ಕೇ ನಮಗೊಂದು ಮನೆ ಸಿಕ್ಕಿದ್ದು. ಸುಮ್ನಿರಿ," ಅನ್ನುತ್ತಿದ್ದೆ.

೨೦೧೪ರಲ್ಲಿ ಸಾಲುಮನೆ ಮಾರಾಟವಾಯಿತು. ಹೊಸ ಮಾಲೀಕ ಎಲ್ಲವನ್ನೂ ಕೆಡವುತ್ತಾನಂತೆ ಎಂಬ ಸುದ್ದಿ ಬಂತು. ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗುವುದು? ಇವರು ಕ್ಯಾಮೆರಾ ಹಿಡಿದು ಮನೆ ಉಳಿಸಲು ಹೊರಟರು.

"ಅಪ್ಪಾ, ಬಿಲ್ಡಿಂಗ್ ಬಗ್ಗೆ ಬೇಡ, ಅಲ್ಲಿರೋ ಜನರ ಬಗ್ಗೆ ಮಾತಾಡಿ," ಎಂದಳು ಮಗಳು ರಂಜಿನಿ. ಕೇಳಿದರೆ ತಾನೇ!

ಹಳೆಯ ಕಟ್ಟಡಗಳನ್ನು ಉಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ನಗರದ ಸಭೆಯಲ್ಲಿ ಎದ್ದು ನಿಂತು ಕಂಬ, ಕಿಟಕಿ, ಮೆಟ್ಟಿಲು ಒಂದನ್ನೂ ಬಿಡದೆ ಹೊಗಳಿದರು. ಕೊನೆಗೆ ಆವೇಶ ಬಂದು, ಅಡ್ಡಗೋಡೆಗಳು ಈ ಮನೆಗೆ ಮಾಡಿದ ಅವಮಾನ, ಅವನ್ನು ಕಿತ್ತು ನೋಡಿ, ಆಗ ಗೊತ್ತಾಗುತ್ತದೆ ಇದರ ಚೆಲುವು ಎಂದುಬಿಟ್ಟರು. ಚಪ್ಪಾಳೆಯೋ ಚಪ್ಪಾಳೆ. ಕೆಡವುವ ಮಾತು ನಿಂತುಹೋಯಿತು. ಕೇಸರಿಬಾತ್ ಮಾಡಿ ಎಲ್ಲ ಫ್ಲಾಟುಗಳಿಗೂ ಹಂಚಿದೆ.

ಕೆಲವು ತಿಂಗಳ ಮೇಲೆ ಮಾಲೀಕನೇ ಬಾಗಿಲು ತಟ್ಟಿದ. ನಗುನಗುತ್ತ ಇವರ ಕೈ ಕುಲುಕಿದ. ನೀವು ಹೇಳಿದ ಹಾಗೆಯೇ ಅಡ್ಡಗೋಡೆಗಳನ್ನೆಲ್ಲ ತೆಗೆಸಿ, ಮೊದಲಿನ ದೊಡ್ಡ ಮನೆಗಳನ್ನು ಮಾಡಿ ಮಾರುತ್ತೇನೆ, ಬಾಡಿಗೆಯವರೆಲ್ಲ ಖಾಲಿ ಮಾಡಬೇಕು ಎಂದ. ಇವರು ತಾವೇ ಆಡಿದ್ದನ್ನು ಇಲ್ಲವೆನ್ನುವುದು ಹೇಗೆ? ಗಾರೆ ಹೂವಿಗಾಗಿ ಮರುಗಿದ ಮನುಷ್ಯನಿಗೆ ಹೆಂಡತಿ ತಲೆ ಮೇಲಿನ ಸೂರು ಕಾಣಲಿಲ್ಲವಲ್ಲ! ಕೇಸರಿಬಾತ್ ತಿಂದಿದ್ದ ನೆರೆಯವರು ಇವರನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದರು.

ಪಾತ್ರೆಪಗಡ ಕಾರಿಗೆ ತುಂಬಿಕೊಂಡು ಇಸ್ಸಾಕ್ವಾಕ್ಕೆ, ರಂಜಿನಿಯ ಮನೆಗೆ ಹೊರಟೆವು. ದಾರಿಯಲ್ಲಿ ಸಿಗುವ ಮರ್ಸರ್ ಐಲ್ಯಾಂಡ್ ದಾಟಿದೆವು. ಆಮೇಲೆ ಇವರು ಮೆಲ್ಲಗೆ, "ಏನೇ ಆಗ್ಲಿ ಇಂದಿರಾ, ಮನೆಯಂತೂ ಉಳೀತಲ್ಲ," ಎಂದರು.

"ಯಾರಿಗೆ ಉಳೀತ್ರೀ?" ಎಂದು ಕಿರುಚಿದೆ.