ಸೋವರಸನ ತಾಯಿ

ಮೂಡಿಗೆರೆಯ ಕಾಲೇಜೊಂದರಲ್ಲಿ ಇತಿಹಾಸ ಹೇಳುವ ರಶ್ಮಿಗೆ ಹದಿನಾಲ್ಕು ವರ್ಷದಿಂದ ಒಂದೇ ಬಿರುದು: ಅತಿಥಿ ಉಪನ್ಯಾಸಕಿ. ಅಷ್ಟು ವರ್ಷ ಅತಿಥಿಯಾಗಿ ಉಳಿದವರನ್ನು ನೆಂಟರೇ ಸಹಿಸುವುದಿಲ್ಲ, ಇನ್ನು ಕಾಲೇಜು ಸಹಿಸುತ್ತದೆಯೇ? ಜೂನ್ ಒಳಗೆ ಪಿಎಚ್.ಡಿ. ಮುಗಿಯದಿದ್ದರೆ ಪಾಠವಿಲ್ಲ ಎಂದುಬಿಟ್ಟರು. ಗಂಡ ತೀರಿಕೊಂಡ ಮೇಲೆ ಅವಳ ಮನೆಯ ಒಲೆ ಉರಿಯುತ್ತಿದ್ದದ್ದು ಆ ಪಾಠದಿಂದಲೇ.

ಅವಳ ಪ್ರಬಂಧವೋ, ಐನೂರು ವರ್ಷದ ಹಿಂದಿನ ಒಂದು ಮದುವೆಯಲ್ಲಿ ಸಿಕ್ಕಿಬಿದ್ದಿತ್ತು. ತುಂಬೆಬೈಲು ಎಂಬ ಪುಟ್ಟ ಸೀಮೆಯ ಅರಸ ಬೀರರಸ. ಅವನ ನಂತರ ಪಟ್ಟಕ್ಕೆ ಬಂದವನು ಸೋವರಸ. ಮಗನೇ ಇರಬೇಕೆಂದು ಎಲ್ಲರೂ ಬರೆದರು. ಆದರೆ ಬೀರರಸನ ಮದುವೆಗೆ ಹತ್ತು ವರ್ಷ ಮೊದಲೇ ಸೋವರಸ ಬಸದಿಗೆ ಗದ್ದೆ ಬಿಟ್ಟ ಶಾಸನವಿದೆ! ಒಬ್ಬ ಪಂಡಿತರು ಮದುವೆಯ ಕಾಲವೇ ತಪ್ಪು ಎಂದರು. ಇನ್ನೊಬ್ಬರು ಇಟ್ಟುಕೊಂಡವಳ ಮಗ ಎಂದು ನಕ್ಕರು. ಅವನು ಮಗನೇ ಅಲ್ಲ, ಬೀರರಸನ ಅಕ್ಕನ ಮಗ ಎಂಬುದು ರಶ್ಮಿಯ ವಾದ. ಘಟ್ಟದ ಈ ಅಂಚಿನಲ್ಲಿ ಪಟ್ಟ ಸೋದರಳಿಯನಿಗೆ ಹೋಗುವ ಪದ್ಧತಿಯೂ ಇತ್ತಲ್ಲ!

"ಆಧಾರ ತನ್ನಿ" ಎಂದರು ಮಾರ್ಗದರ್ಶಕರು. "ಸತ್ತವರ ಮದುವೆಗೆ ಮುಹೂರ್ತ ಹುಡುಕ್ತಾ ಇದಾಳೆ" ಎಂದು ಓರಗಿತ್ತಿ ಆಡಿಕೊಂಡಳು.

ಕಳಸದ ಆಚೆಯ ಎಸ್ಟೇಟೊಂದರಲ್ಲಿ, ತೊರೆಯ ಪಕ್ಕ, ಬೀರರಸನ ಹೆಸರಿರುವ ಕಲ್ಲಿದೆ ಎಂದು ವಿದ್ಯಾರ್ಥಿಯೊಬ್ಬ ಹೇಳಿದ. ರಶ್ಮಿ ಎಲ್ಲ ದೇವರಿಗೂ ಹರಕೆ ಹೊತ್ತು ಜೀಪು ಹತ್ತಿದಳು.

ಕಲ್ಲೇನೋ ಸಿಕ್ಕಿತು. ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಮುದುಕಿಯೊಬ್ಬಳು ಕತ್ತಿ ಮಸೆಯುತ್ತಿದ್ದಳು. ಗಿಡಗಸಿಯ ಕಾಲ, ಕಾಫಿ ಗಿಡದ ರೆಂಬೆ ಸವರಲು ಕತ್ತಿ ಹರಿತವಿರಬೇಕು. ಹೆಸರು ಕಲ್ಲಮ್ಮ.

"ನಮ್ಮತ್ತೆ ಕಾಲ್ದಿಂದ್ಲೂ ಇಲ್ಲೇ ಮಸೆಯೋದು ಟೀಚರಮ್ಮ. ಇಷ್ಟು ಒಳ್ಳೆ ಕಲ್ಲು ಬೇರೆಲ್ಲೂ ಇಲ್ಲ."

ರಶ್ಮಿ ಕಲ್ಲು ತೊಳೆದು ಸೀಮೆಸುಣ್ಣ ಉಜ್ಜಿದಳು. 'ಬೀರರಸರ' ಎದ್ದು ಬಂತು. ಅದರ ಮುಂದೆ ಅಂಗೈಯಗಲ ನುಣುಪು. ಆಮೇಲೆ 'ಮಗ ಸೋವರಸ'. ಬೇಕಾದ ಮಾತೊಂದನ್ನೇ ಕತ್ತಿ ತಿಂದಿತ್ತು. ಉಳಿದದ್ದನ್ನು ಕೂಡಿಸಿ ಓದಿದರೆ 'ಬೀರರಸರ ಮಗ' ಎಂದಾಗಿ ಅವಳ ವಾದವೇ ಸುಳ್ಳಾಗುವಂತಿತ್ತು. ಹಾಳು ಕಲ್ಲು! ಅವಳು ಅಲ್ಲೇ ಕುಸಿದು, ನಾಚಿಕೆ ಬಿಟ್ಟು ಅತ್ತಳು.

"ನಾವು ಎಂಥಾದ್ರೂ ಹಾಳು ಮಾಡಿದ್ವಾ ಅಮ್ಮ?" ಕಲ್ಲಮ್ಮ ಕತ್ತಿ ಕೆಳಗಿಟ್ಟಳು. "ಅಕ್ಷರ ಅಂತ ಗೊತ್ತಿದ್ರೆ ಮುಟ್ತಾನೇ ಇರ್ಲಿಲ್ಲ, ದೇವ್ರಾಣೆ."

ರಶ್ಮಿ ಕಣ್ಣೊರೆಸಿಕೊಂಡಳು. ಕೈಯಲ್ಲಿ ಸೀಮೆಸುಣ್ಣವಿತ್ತು. ಬೀರರಸನ ಕಾಲದ ಅಕ್ಷರದ ತಿರುವು ಅವಳಿಗೆ ತನ್ನ ಸಹಿಗಿಂತ ಚೆನ್ನಾಗಿ ಗೊತ್ತು. ನುಣುಪಿನ ಮೇಲೆ 'ಅಕ್ಕನ' ಎಂದು ಬರೆದಳು. ಅಕ್ಕಪಕ್ಕದ ಅಕ್ಷರಗಳೊಡನೆ ಅದು ಹೊಂದಿಕೊಂಡುಬಿಟ್ಟಿತು. ಮೊಬೈಲಿನಲ್ಲಿ ಫೋಟೊ ತೆಗೆದಳು. ನಿಜವನ್ನೇ ಬರೆದೆ, ಯಾರಿಗೆ ಏನು ನಷ್ಟ? ಜೂನ್ ದಾಟಿ ಪಾಠ ಉಳಿಯುತ್ತದೆ.

ಕಲ್ಲಮ್ಮ ಬಗ್ಗಿ ನೋಡಿ ಮುಖವರಳಿಸಿದಳು. "ಓ, ಈಗ ಬಂತಲ್ಲ! ಹಂಗಾದ್ರೆ ನಮ್ಮಿಂದ ಹಾಳಾಗಿಲ್ಲ ಅಲ್ವಾ?"

"ಇಲ್ಲ ಕಲ್ಲಮ್ಮ, ಎಂಥದೂ ಹಾಳಾಗಿಲ್ಲ."

ಮುದುಕಿ ಕಲ್ಲಿಗೆ ಕೈಮುಗಿದು, ಕತ್ತಿ ಎತ್ತಿಕೊಂಡು ತೋಟಕ್ಕೆ ಇಳಿದಳು. ಅವಳು ಕಣ್ಮರೆಯಾಗುವವರೆಗೂ ರಶ್ಮಿ ಕಾದಳು. ಅಷ್ಟು ಸುಲಭವಾಗಿ ಒಂದು ಜೀವ ನಂಬಿತ್ತಲ್ಲ! ನಾಳೆ ಎಲ್ಲರೂ ಹೀಗೇ ನಂಬುತ್ತಾರೆ ಎಂದು ಅವಳಿಗೆ ಹೆದರಿಕೆಯಾಯಿತು. ತೊರೆಯಿಂದ ಬೊಗಸೆ ಬೊಗಸೆ ನೀರು ತಂದು ಕಲ್ಲಿಗೆ ಸುರಿದು, ಬರೆದದ್ದನ್ನು ತೊಳೆದಳು.

ಫೋಟೊ ಅಳಿಸಿ ಇನ್ನೊಂದು ತೆಗೆದಳು. ಮಾರ್ಗದರ್ಶಕರಿಗೆ ಅದನ್ನು ಕಳಿಸಿ, ಕೆಳಗೆ ಬರೆದಳು: "ತಾಯಿ ಯಾರೆಂದು ಹೇಳುವ ಭಾಗ ಸವೆದಿದೆ, ಸಾರ್. ನನ್ನ ಹತ್ತಿರ ಬೇರೆ ಆಧಾರವಿಲ್ಲ."