ಟೈರಂಗಡಿಯ ಮುಂದಿನ ಹಿತ್ತಾಳೆ ಕಲ್ಲು

ನಮ್ಮ ಬೀದಿಯಲ್ಲಿ ಯಹೂದಿಗಳ ಹೆಸರಿಲ್ಲದ ಮನೆ ನಮ್ಮದೊಂದೇ. ಎದುರು ಮನೆಯ ಮುಂದೆ, ಜನ ನಡೆಯುವ ದಾರಿಯಲ್ಲೇ, ಅಂಗೈಯಗಲದ, ಹಿತ್ತಾಳೆ ಹೊದಿಸಿದ ನೆನಪಿನ ಕಲ್ಲು ನಾಲ್ಕಿವೆ. ಒಂದೊಂದೂ 'ಇಲ್ಲಿ ವಾಸವಾಗಿದ್ದರು' ಎಂದು ಶುರುವಾಗಿ, ನಾಜಿಗಳು ಅವರನ್ನು ಕೊಂದ ಊರಿನ ಹೆಸರಿನಲ್ಲಿ ಮುಗಿಯುತ್ತದೆ. ಲೈಪ್‌ಜಿಗ್‌ನಂಥ ಊರಲ್ಲಿ ನಮ್ಮ ಬಾಗಿಲಲ್ಲಿ ಒಂದೂ ಇಲ್ಲದ ಅವಮಾನವನ್ನು ಎಷ್ಟು ದಿನ ಸಹಿಸುವುದು? ಎರಡನೇ ಮಹಡಿಯ ಹಲ್ಲಿನ ಡಾಕ್ಟರು, ಆನ್‌ಸೋರ್ಗೆ ಎಂಬವರು, ಒಂದು ಸಮಿತಿ ಕಟ್ಟಿದರು. ಕೊನೆಗೂ ನಮಗೊಬ್ಬರು ಸಿಕ್ಕರು: ಟೋಪಿ ಹೊಲಿಯುತ್ತಿದ್ದ ಸೀಗ್‌ಬರ್ಟ್ ಲೇವಿನ್‌ಸ್ಕಿ. ಅವರನ್ನು ಹಿಡಿದೊಯ್ದದ್ದು ನಮ್ಮದೇ ಮೆಟ್ಟಿಲಿಳಿಸಿ. ಸಂಭ್ರಮವೋ ಸಂಭ್ರಮ! ಕಲ್ಲು ಕೂರಿಸುವ ದಿನಕ್ಕೆ ಬಿಳಿ ಗುಲಾಬಿ, ಪ್ಲಮ್ ಕೇಕು, ಕ್ಲಾರಿನೆಟ್ ನುಡಿಸುವವನು, ಎಲ್ಲ ಗೊತ್ತುಮಾಡಿದ್ದಾಯಿತು. ಮಳೆಗೆ ಹಿತ್ತಾಳೆ ಜಾರಿ, ಈಗಷ್ಟೇ ಹೆಜ್ಜೆಯಿಡುತ್ತಿರುವ ನನ್ನ ಮಗಳು ಬಿದ್ದರೆ ಏನು ಗತಿ ಎಂದು ನಾನು ಕೇಳಿದ್ದಕ್ಕೆ ಮಾತ್ರ ಯಾರೂ ಕಿವಿಗೊಡಲಿಲ್ಲ.

ಇನ್ನೊಂದು ಸಣ್ಣ ತೊಡಕಿತ್ತು. ಸತ್ತವರ ಮಗಳು ಬದುಕಿದ್ದರು.

ಎಂಬತ್ತರ ಫ್ರೌ ಗೆರ್ಡಾ ಲೇವಿನ್‌ಸ್ಕಿ ನನಗೆ ಪರಿಚಯವಾದದ್ದು ಮಕ್ಕಳ ಆಟದ ಮೈದಾನದ ಬೆಂಚಿನಲ್ಲಿ. ಹನ್ನೆರಡನೇ ವಯಸ್ಸಿನಲ್ಲಿ ತಂದೆಯ ಜೊತೆ ನಾಜಿ ಶಿಬಿರಕ್ಕೆ ಹೋಗಿ, ಒಬ್ಬರೇ ತಿರುಗಿ ಬಂದವರು. ಆಮೇಲೆ ಕೆಲಸದಲ್ಲಿದ್ದಷ್ಟು ಕಾಲ ಟ್ರಾಮಿನಲ್ಲಿ ಟಿಕೆಟ್ ತಪಾಸಣೆ ಮಾಡಿದರು. ಈಗಲೂ ಎಲ್ಲರನ್ನೂ ಟಿಕೆಟ್ಟಿಲ್ಲದವರ ಹಾಗೇ ನೋಡುತ್ತಾರೆ. "ಮಗೂಗೆ ಎರಡು ಟೋಪಿ ಹಾಕಿದೀರಲ್ಲ, ಒಳಗೆ ತಲೆ ಇದೆಯಾ ನೋಡ್ಕೊಂಡ್ರಾ?" ಎಂಬುದು ಅವರು ನನಗೆ ಆಡಿದ ಮೊದಲ ಮಾತು.

ಅವರನ್ನು ಸಮಿತಿಯ ಸಭೆಗೆ ಕರೆದರು. ಅವರು ಅಳುವುದು ಖಚಿತವೆಂದು ಮೇಜಿನ ಮೇಲೆ ಕರವಸ್ತ್ರಗಳೂ ಸಿದ್ಧವಿದ್ದವು.

"ಇಲ್ಲಿ ಬೇಡ," ಎಂದರು ಫ್ರೌ ಲೇವಿನ್‌ಸ್ಕಿ. "ಇದು ನಮ್ಮನೆ ಅಲ್ಲ. ನಾಜಿಗಳು ನಮ್ಮನೆಯಿಂದ ಓಡಿಸಿ, ಕೋಣೆಗೆ ಒಂಬತ್ತು ಜನರ ಹಾಗೆ ಇಲ್ಲಿ ತುಂಬಿದ್ರು. ಅಪ್ಪ ಇಲ್ಲಿ ವಾಸ ಮಾಡ್ಲಿಲ್ಲ, ಕಾದ್ರು ಅಷ್ಟೆ. ನಮ್ಮನೆ ಇದ್ದದ್ದು ರೈಲುಹಳಿಯಾಚೆ."

"ಅಲ್ಲೀಗ ಮನೆಯೆಲ್ಲಿದೆ? ಟೈರಂಗಡಿ!" ಡಾಕ್ಟರು ಗಾಬರಿಯಾದರು. "ಅಲ್ಲಿ ಯಾರು ನೋಡ್ತಾರೆ, ಫ್ರೌ ಲೇವಿನ್‌ಸ್ಕಿ? ಟೈರು ಹಾಕಿಸ್ಕೊಳ್ಳೋರು!"

"ಅಪ್ಪ ಇಸ್ಪೀಟು ಆಡ್ತಿದ್ದಿದ್ದೇ ಅಂಥವರ ಜೊತೆ. ಹಲ್ಲಿನ ಡಾಕ್ಟ್ರು ಯಾರೂ ಕರೀತಿರ್ಲಿಲ್ಲ."

"ಆದ್ರೆ ಕ್ಲಾರಿನೆಟ್‌ನವನಿಗೆ ಹೇಳಿಬಿಟ್ಟಿದ್ದೀವಿ..."

"ನುಡಿಸ್ಲಿ. ನೀವು ಕೇಕು ತಿನ್ನಿ. ಅಪ್ಪನ ಹೆಸರು ಮಾತ್ರ ಇಲ್ಲಿ ಬೇಡ."

ಅವರು ಎದ್ದುಹೋದ ಮೇಲೆ ಡಾಕ್ಟರು ನಿಟ್ಟುಸಿರಿಟ್ಟರು. "ಸ್ವಂತದವರು ಬದುಕಿದ್ರೆ ಇದೇ ತೊಂದರೆ ನೋಡಿ." ಎಲ್ಲರೂ ಹೌದೆಂದು ತಲೆಯಾಡಿಸಿದರು. ಸಮಿತಿಯೀಗ ಹಿಂದೆಮುಂದೆ ಯಾರೂ ಇಲ್ಲದ ಮತ್ತೊಬ್ಬ ಸತ್ತವರನ್ನು ಹುಡುಕುತ್ತಿದೆ.

ಕಲ್ಲು ಟೈರಂಗಡಿಯ ಮುಂದೆಯೇ, ಪೇರಿಸಿಟ್ಟ ಟೈರುಗಳ ಪಕ್ಕ ಕೂತಿತು. ನಮ್ಮ ಕಟ್ಟಡದಿಂದ ಹೋದವರು ನಾನು ಮತ್ತು ಮಕ್ಕಳ ತಳ್ಳುಗಾಡಿಯಲ್ಲಿ ಮಗಳು. ರಬ್ಬರಿನ ವಾಸನೆಗೆ ಅವಳಿಗೆ ಕೆಮ್ಮು ಹತ್ತೀತೆಂದು ದಾರಿಯುದ್ದಕ್ಕೂ ಹೆದರಿದ್ದೆ. ಅಂಗಡಿಯವನು ಯಂತ್ರ ನಿಲ್ಲಿಸಿ, ಕೈ ಒರೆಸಿಕೊಳ್ಳುತ್ತ ಬಂದು ಕಲ್ಲಿನ ಮೇಲಿನದನ್ನು ಓದಿದ.

"ಇವ್ರು ಇಲ್ಲಿದ್ರಾ? ಎಲ್ಲಿ?"

ಫ್ರೌ ಲೇವಿನ್‌ಸ್ಕಿ ಅಂಗಡಿಯ ತಗಡಿನ ಮಾಡಿಗಿಂತ ಎಷ್ಟೋ ಮೇಲೆ, ಬರೀ ಗಾಳಿಯತ್ತ ಬೆರಳು ತೋರಿಸಿದರು. "ಮೂರನೇ ಮಹಡಿ. ಅದು ಅಡುಗೆಮನೆ ಕಿಟಕಿ. ಭಾನುವಾರ ಅಪ್ಪ ಅಲ್ಲಿಂದ ಬಗ್ಗಿ, ಬೇಗ ಮೇಲೆ ಬಾ, ಸೂಪು ಆರ್ತಿದೆ ಅಂತ ನನ್ನ ಕೂಗ್ತಿದ್ರು."

ಅವನು ಕತ್ತೆತ್ತಿ, ಅವರು ತೋರಿಸಿದಲ್ಲೇ ಸ್ವಲ್ಪ ಹೊತ್ತು ನೋಡಿದ.

"ಸರಿ," ಎಂದ. "ಇನ್ಮೇಲೆ ಇಲ್ಲಿ ಟೈರು ಪೇರಿಸಲ್ಲ ಬಿಡಿ."